ಭೀಮೆಯ ಹಳೇ ಹಾದಿಯನ್ನು ಉಪಗ್ರಹ ಚಿತ್ರದಲ್ಲಿ ಹುಡುಕುವುದು

ಕಲಬುರಗಿ ಜಿಲ್ಲೆಯ ಸನ್ನತಿಯ ಆಸುಪಾಸಿನಲ್ಲಿ ಭೀಮಾ ನದಿ ಹಿಂದೆ ಹರಿದು ಬಿಟ್ಟುಹೋದ ಪಾತ್ರಗಳನ್ನು ಉಪಗ್ರಹ ಚಿತ್ರಗಳಲ್ಲಿ ಗುರುತಿಸುತ್ತಿದ್ದೇನೆ. ಅಶೋಕನ ಶಾಸನ, ಕನಗನಹಳ್ಳಿಯ ಸ್ತೂಪ ಸಿಕ್ಕ ಜಾಗ ಇದು. ನೀರು ಎಲ್ಲಿತ್ತು ಅಂತ ಗೊತ್ತಾದರೆ ಹಳೇ ಊರುಗಳನ್ನು ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ ಅಲ್ವಾ?

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, ಅವುಗಳ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಅವನ್ನು ತೆರೆದು ನೋಡುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಕೂಡ ಉಚಿತ. ಕಷ್ಟ ಇರುವುದು ತಿಂಗಳು ಆರಿಸುವುದರಲ್ಲಿ. ಮಳೆಗಾಲದಲ್ಲಿ ಮೋಡ ಕವಿದಿರುತ್ತದೆ, ಉಳಿದದ್ದೆಲ್ಲ ಒಂದೇ ಹಸಿರು. ನನಗೆ ಬೇಕಾದದ್ದು ಜನವರಿ, ಫೆಬ್ರವರಿ. ಆಗ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ನೆಲದ ತೇವವನ್ನೇ ನಂಬಿ ನಿಂತಿರುತ್ತದೆ. ಹಳೇ ಪಾತ್ರದಲ್ಲಿ ಜೇಡಿ ತುಂಬಿದ್ದರೆ ಅಲ್ಲಿ ಬೆಳೆ ಹೆಚ್ಚು ದಿನ ಹಸಿರಾಗಿರುತ್ತದೆ. ಮೇಲ್ಮಣ್ಣಿನ ಕೆಳಗೇ ಉಸುಕಿದ್ದರೆ ಬೇಗ ಒಣಗುತ್ತದೆ. ಹಾಗಾಗಿ ಹಸಿರು ಗೆರೆಯನ್ನಷ್ಟೇ ಹುಡುಕಬಾರದು, ಹಳದಿ ಗೆರೆಯೂ ಮುಖ್ಯ. ಹಸಿರೆಲೆ ಹೆಚ್ಚು ಪ್ರತಿಫಲಿಸುವ, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕಿನ ಬ್ಯಾಂಡನ್ನು ಚಿತ್ರದ ಕೆಂಪು ಬಣ್ಣಕ್ಕೆ ಕೊಟ್ಟರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನೆಲದ ಎತ್ತರ ನೋಡಲು ಎಸ್‌ಆರ್‌ಟಿಎಂ ಅನ್ನುವ ದತ್ತಾಂಶ ಇದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದದ್ದು. ಸಮತಟ್ಟು ಹೊಲದಲ್ಲಿ ಅದನ್ನೊಂದೇ ನಂಬಬೇಡಿ. ಅದರ ಅಳತೆ ಕೆಲವು ಮೀಟರ್ ಆಚೀಚೆ ಇರುತ್ತದೆ, ಹಳೇ ಪಾತ್ರದ ತಗ್ಗು ಎಷ್ಟೋ ಕಡೆ ಅಷ್ಟೂ ಇರುವುದಿಲ್ಲ.

ಆಚೆ ದಂಡೆಯಲ್ಲಿ, ಶಹಾಪುರದ ಕಡೆ, ಕಾಲುವೆಯ ಬಸಿ ನೀರೂ ಹಸಿರು ಗೆರೆ ಎಳೆಯುತ್ತದೆ. ಆ ಕಾಲುವೆಗೆ ನೀರು ಕೊಡುವ, ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದಕ್ಕೇ 1970ರ ದಶಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಪಕ್ಕದಲ್ಲಿಟ್ಟು ನೋಡುತ್ತೇನೆ. ಚಿತ್ರ ಒರಟು, ಅಗಲವಾದ ಗೆರೆಯಷ್ಟೇ ಕಾಣುತ್ತದೆ. ಆದರೂ ಆಗಲೇ ಇದ್ದ ಗೆರೆ ಆ ಕಾಲುವೆಯದ್ದಂತೂ ಅಲ್ಲ.

ಆಮೇಲೆ ಹೊಲಕ್ಕೆ ಹೋಗಲೇಬೇಕು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇಲ್ಲಿಯ ಬಂಡೆ ಸುಣ್ಣದ ಕಲ್ಲು, ಶಹಾಬಾದ್ ಕಲ್ಲು ಅಂತ ಎಲ್ಲರಿಗೂ ಗೊತ್ತಲ್ಲ, ಅದೇ. ಅಗೇಟ್ ಅನ್ನುವ ಗಟ್ಟಿ, ಪಟ್ಟೆಪಟ್ಟೆ ಹರಳುಗಲ್ಲು ಸಿಗುವುದು ಭೀಮೆಯ ಮೇಲ್ಭಾಗದ ಕರಿಕಲ್ಲಿನ ಸೀಮೆಯಲ್ಲಿ. ಹೊಳೆಯಿಂದ ದೂರದ ಹೊಲದಲ್ಲಿ ನುಣ್ಣಗೆ ಉರುಟಾದ ಅಗೇಟ್ ಹರಳುಗಳು ಸಾಲಾಗಿ ಸಿಕ್ಕರೆ ಅವನ್ನು ನೀರೇ ತಂದಿರಬೇಕು. ಬಾವಿ ತೋಡಿಸಿದ ಹಿರಿಯರನ್ನೂ ಕೇಳುತ್ತೇನೆ. ‘ಎರಿ ಮಣ್ಣಿನ ಕೆಳಗ ಉಸುಕು ಹತ್ತಿತ್ರಿ ಸರ’ ಅಂದ ಹೊಲಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತೇನೆ.

ಹರಳಾಗಲಿ, ಬಾವಿಯ ಉಸುಕಾಗಲಿ ಸಿಗದ ಗೆರೆ ಚಿತ್ರದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ನನ್ನ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿಯೇ, ಅಂದರೆ ಖಚಿತವಾಗದ ಗೆರೆಯಾಗಿಯೇ, ಉಳಿಯುತ್ತದೆ.