ದೂರೇ ಬರದ ದೂರು ವ್ಯವಸ್ಥೆಯನ್ನು ಸರಿಪಡಿಸಿದ್ದು: ನನ್ನ ಅನುಭವ

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಕಾರ್ಮಿಕರ ಸಮವಸ್ತ್ರ ಮಾರುವ, ಸುಮಾರು 250 ಜನರ ಕಂಪನಿಯಲ್ಲಿ ಸಾಮಾಜಿಕ ಹೊಣೆಗಾರಿಕೆಯ ಕೆಲಸ ನನ್ನ ಪಾಲಿಗೆ ಬಂದದ್ದು 2022ರ ಕೊನೆಯಲ್ಲಿ. ಕಂಪನಿಗಳು ಮಾನವ ಹಕ್ಕುಗಳನ್ನು ಗೌರವಿಸಬೇಕೆಂದು ಜರ್ಮನ್ ಸರ್ಕಾರ ತಂದ, ಸ್ವಯಂಪ್ರೇರಣೆಯನ್ನು ನಂಬಿದ್ದ 2016ರ ರಾಷ್ಟ್ರೀಯ ಕ್ರಿಯಾ ಯೋಜನೆ ಎಲ್ಲಿಗೆ ಮುಟ್ಟಿತೆಂಬುದು ಈ ಕ್ಷೇತ್ರದವರಿಗೆ ಗೊತ್ತೇ ಇದೆ. 2020ರ ಸಮೀಕ್ಷೆಯಲ್ಲಿ ಐದರಲ್ಲೊಂದು ಪಾಲು ಸಂಸ್ಥೆಗಳೂ ತೇರ್ಗಡೆಯಾಗಲಿಲ್ಲ. ಅದರ ಬೆನ್ನಿಗೇ ಬಂದ, ಪೂರೈಕೆದಾರರ ಕಡೆಯ ಮಾನವ ಹಕ್ಕುಗಳ ಮೇಲೂ ಕಂಪನಿಗಳು ಕಣ್ಣಿಡಬೇಕೆನ್ನುವ ಪೂರೈಕೆ ಸರಪಳಿ ಕಾಯ್ದೆ 2023ರಲ್ಲಿ ಕನಿಷ್ಠ 3,000 ನೌಕರರ, ಮರುವರ್ಷ ಕನಿಷ್ಠ 1,000 ನೌಕರರ ಸಂಸ್ಥೆಗಳಿಗೆ ಅನ್ವಯವಾಯಿತು. ನಾವು ಅದರ ವ್ಯಾಪ್ತಿಯಲ್ಲಿರಲಿಲ್ಲ, ನಮ್ಮ ದೊಡ್ಡ ಗಿರಾಕಿಗಳು ಇದ್ದರು. ಅವರ ಪ್ರಶ್ನಾವಳಿಗಳು ನಮ್ಮ ಮೇಲೆ ಬಿದ್ದವು.

ನಾವೂ ಅದನ್ನೇ ಮಾಡಿದೆವು. ಎಪ್ಪತ್ತರಷ್ಟು ಪ್ರಶ್ನೆಗಳನ್ನು ಹದಿನೆಂಟು ಪೂರೈಕೆದಾರರಿಗೆ ಕಳಿಸಿದೆವು. ಮರಳಿ ಬಂದ ಹದಿನಾರರಲ್ಲೂ ಎಲ್ಲವೂ ಸರಿಯಿತ್ತು. ನಾಲ್ಕು ಕಾರ್ಖಾನೆಗಳ ಆಡಿಟ್‌ಗೆ ಹತ್ತು ಸಾವಿರ ಯೂರೋ ಮೀರಿತು, ವರದಿಗಳೂ ಚೊಕ್ಕಟವಾಗಿದ್ದವು. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ದೂರಿನ ಕ್ಯೂಆರ್ ಕೋಡ್ ಅಂಟಿಸಲು ಮುದ್ರಣಕ್ಕೇ 900 ಯೂರೋ ಸುರಿದೆವು. ಅಲ್ಲಿ ಕೆಲಸದವರು ತಮ್ಮ ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಹೋಗುತ್ತಾರೆಂಬುದನ್ನು ಯಾರೂ ವಿಚಾರಿಸಿರಲಿಲ್ಲ. ದೂರಿನ ಪೆಟ್ಟಿಗೆ ಸಿಸಿಟಿವಿಯ ಕೆಳಗೇ ಇತ್ತು. ಹದಿನಾಲ್ಕು ತಿಂಗಳಲ್ಲಿ ಬಂದ ದೂರು ಒಂದೂ ಇಲ್ಲ. ಅದನ್ನೇ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಬರೆಯಲು ಹೊರಟಾಗ ನಾನು ತಡೆದೆ.

ಬಳಿಕ ಬಸ್ ಪಾಸಿನಷ್ಟು ದೊಡ್ಡ ಕಾರ್ಡಿನಲ್ಲಿ ಕನ್ನಡದ ಎರಡು ಸಾಲು ಮತ್ತು ಒಂದು ನಂಬರನ್ನಷ್ಟೇ ಅಚ್ಚು ಹಾಕಿಸಿ, ಗೇಟಿನಿಂದ ದೂರದ ಬಸ್ ನಿಲ್ದಾಣದಲ್ಲಿ ಹಂಚಿಸಿದೆ. ಮಿಸ್ಡ್ ಕಾಲ್ ಕೊಟ್ಟರೆ ರಾತ್ರಿ ಎಂಟರ ಸುಮಾರಿಗೆ ನಾನೇ ಕರೆಯುತ್ತಿದ್ದೆ; ಬೇಸಿಗೆಯಲ್ಲಿ ಆಗ ಇಲ್ಲಿ ಸಂಜೆ ನಾಲ್ಕೂವರೆ. ಹೆಸರು ಕೇಳದೆ ಕರೆ ಯಾವ ವಿಭಾಗದ್ದೆಂದು ತಿಳಿಯುವ ಉಪಾಯವೊಂದಿದೆ. ಬರೆದರೆ ಕರೆ ಮಾಡಿದವರಿಗೇ ತೊಂದರೆಯಾದೀತೆಂದು ಅದನ್ನು ಇಲ್ಲಿ ಹೇಳುವುದಿಲ್ಲ. ಸಂಬಳದ ಜಗಳ ಬಿಟ್ಟು ಬೇರೇನೂ ಬರದೆಂದು ಸಹೋದ್ಯೋಗಿಗಳು ಹೇಳಿದ್ದರು.

ಮೊದಲ ಕರೆ ಬಂದದ್ದು ಆರು ವಾರಗಳ ನಂತರ. “ಮೇಡಂ, ನಿಮ್ಮ ಆರ್ಡರ್ ಬಂದ ವಾರವೇ ನಾವು ಮನೆ ಸೇರೋದು ಒಂಬತ್ತಕ್ಕೆ. ಕಟಿಂಗ್ ಆದ್ಮೇಲೆ ಜೇಬು ಬದಲಾಯಿಸ್ತೀರಿ, ತಾರೀಕು ಮಾತ್ರ ಬದಲಾಯಿಸಲ್ಲ” ಎಂದರು ಆ ಹೆಣ್ಣುಮಗಳು. ಮರುದಿನ ಕಡತ ತೆಗೆದು ನೋಡಿದೆ. ಹನ್ನೊಂದು ಆರ್ಡರ್‌ಗಳಲ್ಲಿ ಏಳನ್ನು ನಾವು ಒಪ್ಪಿಗೆಯಾದ ಮೇಲೂ ತಿದ್ದಿದ್ದೆವು. ಒಂದರಲ್ಲಿ ಪೆನ್ನಿಡುವ ಜೇಬು ಮೂರು ಸಲ ಜಾಗ ಬದಲಿಸಿತ್ತು. ಯಾವ ಆಡಿಟರನೂ ನೋಡದ ಕಡತವದು, ಏಕೆಂದರೆ ಅದು ನಮ್ಮದೇ ಕಪಾಟಿನಲ್ಲಿತ್ತು.

ಬಟ್ಟೆ ಖರೀದಿಯಾದ ಮೇಲೆ ತಿದ್ದುಪಡಿ ಮಾಡಿದರೆ ಒಂದು ವಾರ ಹೆಚ್ಚುವರಿ ಕಾಲಾವಕಾಶವನ್ನೂ ಪೀಸಿಗೆ ಹೆಚ್ಚಿನ ದರವನ್ನೂ ಕೊಡಬೇಕೆಂಬ ನಿಯಮವನ್ನು ಆಡಳಿತದಿಂದ ಹಠ ಹಿಡಿದು ಮಾಡಿಸಿದೆ. ಮೊದಲ ವರ್ಷ ಅದಕ್ಕೆ ಹದಿನಾಲ್ಕು ಸಾವಿರ ಯೂರೋದಷ್ಟು ಖರ್ಚಾಯಿತು. ಅವಸರದ ವಿಮಾನ ಸಾಗಣೆ ತಪ್ಪಿ ಸುಮಾರು ಇಪ್ಪತ್ತು ಸಾವಿರ ಉಳಿಯಿತು. ಬಲವಂತದ ಓವರ್‌ಟೈಮ್ ದೂರುಗಳು ಒಂಬತ್ತರಿಂದ ಎರಡಕ್ಕೆ ಇಳಿದವು. ವಿರೋಧಿಸಿದ್ದ ಖರೀದಿ ವಿಭಾಗದವರೇ ಈಗ ಈ ಲೆಕ್ಕವನ್ನು ಗಿರಾಕಿಗಳಿಗೆ ತೋರಿಸುತ್ತಾರೆ.

ತಿರುಪ್ಪೂರಿನಲ್ಲಿ ತಮಿಳು ಬಲ್ಲ ಗೆಳತಿಯ ನೆರವಿನಿಂದ ಇದನ್ನೇ ಮಾಡಿದಾಗ ನಾಲ್ಕೇ ಕರೆಗಳು ಬಂದವು. ಆ ಕಾರ್ಖಾನೆಯ ಹಾಸ್ಟೆಲ್‌ನಲ್ಲಿರುವವರಲ್ಲಿ ಹೆಚ್ಚಿನವರು ಒಡಿಶಾದವರು. ಸದ್ಯ ಒಡಿಯಾ ಬಲ್ಲ, ರಾತ್ರಿ ಎಂಟಕ್ಕೆ ಫೋನ್ ಎತ್ತಬಲ್ಲ ಒಬ್ಬರನ್ನು ಹುಡುಕುತ್ತಿದ್ದೇನೆ.