ನೆದರ್‌ಲ್ಯಾಂಡ್ಸ್‌ಗೆ ಹೊಸಬರಾ? ಸೈಕಲ್‌ಗೆ ಟ್ಯಾಗ್ ಹಾಕೋ ಮುಂಚೆ ಇದನ್ನ ಓದ್ಕೊಳ್ಳಿ

ಐಂಡ್‌ಹೋವನ್ ಆಗ್ಲಿ ಆಮ್‌ಸ್ಟೆಲ್‌ವೇನ್ ಆಗ್ಲಿ, ಬಂದು ಒಂದೆರಡು ತಿಂಗ್ಳಲ್ಲಿ ಎಲ್ರೂ ಸೈಕಲ್ ತಗೋತೀರ, ತಗೊಳ್ಳದೆ ಇಲ್ಲಿ ಜೀವನ ನಡೆಯಲ್ಲ. ಸುಮಾರು 1.8 ಕೋಟಿ ಜನ ಇರೋ ದೇಶದಲ್ಲಿ 2.3 ಕೋಟಿ ಸೈಕಲ್ ಇದೆ, ಕಳ್ಳತನಾನೂ ಅದಕ್ಕೆ ತಕ್ಕ ಹಾಗೇ ಇದೆ. ಇಲ್ಲಿಯವ್ರು ಹಳೇ ಡಕೋಟಾ ಸೈಕಲ್ ಇಟ್ಕೊಂಡಿರ್ತಾರೆ, ಹೋದ್ರೆ ಹೋಯ್ತು ಅಂತ ಇನ್ನೊಂದು ತಗೋತಾರೆ. ನಮ್ಮವ್ರು ಹಾಗಲ್ಲ, ಎರಡು ಸಾವಿರ ಯೂರೋ ಕೊಟ್ಟು ಇ-ಬೈಕ್ ತಗೊಂಡು, ಅದಕ್ಕೊಂದು ಮೂವತ್ತು ಯೂರೋ ಟ್ಯಾಗ್ ಸಿಗಿಸಿ ಇನ್ನು ಚಿಂತೆ ಇಲ್ಲ ಅಂತ ನಿದ್ದೆ ಮಾಡ್ತಾರೆ. ಟ್ಯಾಗ್ ಹಾಕಿ, ಬೇಡ ಅನ್ನಲ್ಲ. ಆದ್ರೆ ಅದು ಸೈಕಲ್ ಎಲ್ಲಿದೆ ಅಂತ ಹೇಳತ್ತೆ ಅಷ್ಟೇ, ವಾಪಸ್ ತಂದ್ಕೊಡಲ್ಲ. ತಂದ್ಕೊಡೋದು ಕಾಗದ ಪತ್ರ, ಅದನ್ನ ಸೈಕಲ್ ಮನೇಲಿ ಇರೋವಾಗ್ಲೇ ರೆಡಿ ಮಾಡ್ಕೋಬೇಕು.

ಮೊದ್ಲು ಟ್ಯಾಗ್ ಹೇಗೆ ಕೆಲಸ ಮಾಡತ್ತೆ ನೋಡಿ. 2021ರಲ್ಲಿ ಬಂದ ಆಪಲ್‌ನ ಏರ್‌ಟ್ಯಾಗ್ ಒಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಬ್ಲೂಟೂತ್‌ನಲ್ಲಿ ಸಣ್ಣದಾಗಿ ಸಿಗ್ನಲ್ ಬಿಡ್ತಾ ಇರತ್ತೆ, ಹತ್ರ ಹಾದು ಹೋಗೋ ಯಾರದ್ದೋ ಐಫೋನ್ ಅದನ್ನ ಹಿಡಿದು ತನ್ನ ಲೊಕೇಶನ್ ಜೊತೆ ಆಪಲ್‌ಗೆ ಕಳಿಸತ್ತೆ, ಅದನ್ನ ಬಿಡಿಸಿ ನೋಡೋಕಾಗೋದು ನಿಮಗೆ ಮಾತ್ರ. ಅದಕ್ಕೇ ನಾಣ್ಯದಂಥ ಒಂದು ಸಿಆರ್2032 ಸೆಲ್ಲಲ್ಲಿ ವರ್ಷದ ಹತ್ರ ಓಡತ್ತೆ. ಊರೊಳಗೆ ಚೆನ್ನಾಗಿ ನಡೆಯತ್ತೆ, ಆದ್ರೆ ಜನ ಓಡಾಡದ ಗ್ಯಾರೇಜ್‌ನೊಳಗೆ ನೂಕಿಬಿಟ್ರೆ ಮ್ಯಾಪ್‌ನಲ್ಲಿ ಹಳೇ ಜಾಗಾನೇ ಕಾಣ್ತಿರತ್ತೆ, ಆದ್ರಿಂದ ಚುಕ್ಕೆ ಎಲ್ಲಿದೆ ಅನ್ನೋದಕ್ಕಿಂತ ಎಷ್ಟು ಹೊತ್ತಿನ ಹಿಂದಿನದು ಅನ್ನೋದನ್ನ ಮೊದ್ಲು ನೋಡಿ. ಸೆಲ್ ಬದಲಾಯಿಸೋವಾಗ ಕಹಿ ಲೇಪನ ಇರೋ ಸೆಲ್ ತಗೋಬೇಡಿ, ಮಕ್ಕಳು ನುಂಗ್ಬಾರ್ದು ಅಂತ ಹಚ್ಚಿರ್ತಾರೆ, ಕೆಲವು ಏರ್‌ಟ್ಯಾಗ್‌ನಲ್ಲಿ ಕೆಲಸ ಮಾಡಲ್ಲ.

ಇಂಡಿಯಾದಿಂದ ಬರೋರಲ್ಲಿ ಸುಮಾರು ಜನರ ಕೈಲಿ ಆಂಡ್ರಾಯ್ಡ್ ಇರತ್ತೆ, ಅದರಲ್ಲಿ ಏರ್‌ಟ್ಯಾಗ್ ಸೆಟ್ ಮಾಡೋಕೇ ಆಗಲ್ಲ, ಆಫರ್ ಇದೆ ಅಂತ ನಾಲ್ಕರ ಪ್ಯಾಕ್ ತಗೊಂಡ್ಬಿಡಬೇಡಿ. ಆಂಡ್ರಾಯ್ಡ್ ಫೋನುಗಳೇ ಹೀಗೆ ಟ್ಯಾಗ್ ಹುಡುಕಿಕೊಡೋ ಗೂಗಲ್ ನೆಟ್‌ವರ್ಕ್ 2024ರಲ್ಲಿ ಶುರುವಾಗಿದ್ದು, ಈಗ ಫೈಂಡ್ ಹಬ್ ಅಂತ ಹೆಸರು, ಅದಕ್ಕೆ ಹೊಂದೋ ಟ್ಯಾಗ್ ಬೇರೆ ಸಿಗತ್ತೆ. ಅದು ಬಂದಾಗ ಜನಜಂಗುಳಿ ಇರೋ ಕಡೆ ಮಾತ್ರ ಫೋನುಗಳು ಸಹಾಯ ಮಾಡೋ ಹಾಗೆ ಸೆಟ್ಟಿಂಗ್ ಇಟ್ಟಿದ್ರು, ನಿಮ್ಮ ಫೋನಲ್ಲಿ ಎಲ್ಲಾ ಜಾಗಕ್ಕೂ ಅಂತ ಬದಲಾಯಿಸ್ಕೊಳ್ಳಿ, ಎಲ್ರೂ ಹಾಗೆ ಮಾಡಿದ್ರೇನೇ ಆ ನೆಟ್‌ವರ್ಕ್‌ಗೆ ಶಕ್ತಿ. ದುಬಾರಿ ಇ-ಬೈಕ್ ಆದ್ರೆ ಜಿಪಿಎಸ್ ಜೊತೆ ಸಿಮ್ ಇರೋ ಟ್ರ್ಯಾಕರ್ ಒಳ್ಳೇದು, ತಿಂಗಳ ಖರ್ಚು ಇರತ್ತೆ, ಆದ್ರೆ ಅದು ಪಕ್ಕದಲ್ಲಿ ಯಾರ ಫೋನ್ ಇದೆ ಅಂತ ಕಾಯಲ್ಲ.

ಎಲ್ಲಿ ಅಡಗಿಸೋದು? ಫ್ರೇಮ್ ಪೈಪ್ ಒಳಗೆ ಬೇಡ, ಲೋಹ ಸಿಗ್ನಲ್ ತಿಂದುಹಾಕತ್ತೆ. ಸೀಟಿನ ಅಡಿ, ಹಿಂದಿನ ರಿಫ್ಲೆಕ್ಟರ್ ಒಳಗೆ, ಬಾಟಲ್ ಹೋಲ್ಡರ್ ಕೆಳಗೆ ನಡೆಯತ್ತೆ. ಬೆಲ್ ಒಳಗೆ ಕೂರೋ ಕೇಸ್ ಎಲ್ಲಾ ಕಡೆ ಸಿಗತ್ತೆ, ಆದ್ರೆ ಕಳ್ಳನಿಗೂ ಅದು ಗೊತ್ತು ಸ್ವಾಮಿ, ಮೊದ್ಲು ಕೈ ಹಾಕೋದೇ ಬೆಲ್‌ಗೆ. ನನ್ ಪ್ರಕಾರ ಎರಡು ಟ್ಯಾಗ್ ಹಾಕಿ, ಒಂದು ಸುಲಭವಾಗಿ ಕಾಣೋ ಹಾಗೆ, ಇನ್ನೊಂದು ಕಾಣದ ಹಾಗೆ. ಮೊದಲ್ನೇದನ್ನ ಕಿತ್ತೆಸೆದು ಅವನು ನಿಶ್ಚಿಂತೆಯಾಗಿ ಹೋಗ್ಲಿ.

ಇನ್ನು ಅಸಲಿ ತೊಡಕು. ಹೆಂಗಸರ ಬ್ಯಾಗಲ್ಲಿ ಟ್ಯಾಗ್ ಹಾಕಿ ಹಿಂಬಾಲಿಸೋ ದುಷ್ಟರು ಇದ್ದಾರಲ್ಲ, ಅವರನ್ನ ತಡೆಯೋಕೆ ಗೊತ್ತಿಲ್ಲದ ಟ್ಯಾಗ್ ನಿಮ್ಮ ಜೊತೆ ಬರ್ತಿದೆ ಅಂತ ಫೋನ್‌ಗಳೇ ಎಚ್ಚರಿಸ್ತವೆ. 2024ರ ಮೇ ತಿಂಗಳಿಂದ ಆಪಲ್ ಮತ್ತು ಗೂಗಲ್ ಸೇರಿ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಇದನ್ನ ತಂದಿದ್ದಾರೆ. ಅಂದ್ರೆ ಕಳ್ಳನ ಜೇಬಿನ ಫೋನೇ ಅವನಿಗೆ ಹೇಳತ್ತೆ! ಅದೂ ಸಾಲದು ಅಂತ ಒಡೆಯನಿಂದ 8ರಿಂದ 24 ಗಂಟೆ ದೂರ ಇದ್ದ ಏರ್‌ಟ್ಯಾಗ್ ಅಲುಗಾಡಿಸಿದ್ರೆ ಕೀಂಯ್ ಅನ್ನತ್ತೆ. ಕೆಲವ್ರು ಸ್ಪೀಕರ್ ಕಿತ್ತು ಹಾಕ್ತಾರೆ, ನನಗೆ ಅದು ಸರಿ ಅನ್ಸಲ್ಲ, ನೀರು ಒಳಗೆ ಹೋಗೋ ಅಪಾಯ ಇದೆ, ಫೋನಿಗೆ ಬರೋ ಎಚ್ಚರಿಕೆ ಅಂತೂ ನಿಲ್ಲಲ್ಲ. ಒಟ್ನಲ್ಲಿ ನಿಮ್ಮ ಕೈಲಿರೋದು ಮೊದಲ ಕೆಲವು ಗಂಟೆ, ಸಂಜೆ ಆಫೀಸ್ ಮುಗಿಸಿ ನೋಡೋಣ ಅಂತ ಬಿಟ್ರೆ ಹೋಯ್ತು. ಹಾಂ, ಮನೆಯವ್ರು ಅದೇ ಸೈಕಲ್ ಓಡಿಸಿದ್ರೆ ಅವರ ಫೋನಿಗೂ ಈ ಎಚ್ಚರಿಕೆ ಬರ್ಬೋದು, ಐಫೋನ್ ಸಾಫ್ಟ್‌ವೇರ್ ಐಓಎಸ್ 17ರಿಂದ ಇನ್ನೂ ಐದು ಜನರ ಜೊತೆ ಟ್ಯಾಗ್ ಹಂಚ್ಕೋಬೋದು, ಮಾಡಿಟ್ಕೊಳ್ಳಿ.

ಸೈಕಲ್ ಇಟ್ಟ ಜಾಗದಲ್ಲಿ ಇಲ್ವಾ, ಮ್ಯಾಪ್ ನೋಡಿ. ಚುಕ್ಕೆ ಊರಾಚೆ ಗೋಡೌನ್ ಥರ ಕಾಣೋ ಕಡೆ ಇದ್ರೆ ಅದು ಫೀಟ್ಸ್‌ಡಿಪೋ ಇರ್ಬೋದು, ಅಂದ್ರೆ ತಪ್ಪಾಗಿ ನಿಲ್ಸಿದ್ದಕ್ಕೆ ಹೆಮೆಂಟೆಯವ್ರೇ, ನಮ್ಮ ಲೆಕ್ಕದಲ್ಲಿ ಮುನಿಸಿಪಾಲ್ಟಿಯವ್ರು, ಎತ್ಕೊಂಡು ಹೋಗಿರ್ತಾರೆ. ಸ್ಟೇಷನ್ ಸುತ್ತಮುತ್ತ ಇದು ಮಾಮೂಲು, ದುಡ್ಡು ಕಟ್ಟಿ ಬಿಡಿಸ್ಕೊಂಡು ಬನ್ನಿ. ಹಾಗಲ್ದೇ ಯಾರದ್ದೋ ಮನೆ ಹತ್ರ ತೋರಿಸ್ತಿದ್ರೆ ತುರ್ತಲ್ಲದ ವಿಷಯಕ್ಕಿರೋ ಪೊಲೀಸ್ ನಂಬರ್ 0900-8844ಗೆ ಫೋನ್ ಮಾಡಿ, ಟ್ರ್ಯಾಕರ್ ಇದೆ, ಈಗ ಇಲ್ಲಿದೆ ಅಂತ ಮೊದಲ್ನೇ ವಾಕ್ಯದಲ್ಲೇ ಹೇಳಿ. ಇಂಗ್ಲಿಷ್ ನಡೆಯತ್ತೆ. 112 ತುರ್ತಿಗೆ, ಕಣ್ಣೆದುರೇ ಕಳ್ಳ ಬೀಗ ಮುರೀತಿದ್ರೆ ಮಾತ್ರ ಅದಕ್ಕೆ ಮಾಡಿ. ನೀವೇ ಹೋಗಿ ಬಾಗಿಲು ಬಡಿಬೇಡಿ, ದಯವಿಟ್ಟು. ನಾಲ್ಕು ಮಹಡಿ ಅಪಾರ್ಟ್‌ಮೆಂಟ್‌ನಲ್ಲಿ ಯಾವ ಮನೆ ಅಂತ ಚುಕ್ಕೆ ಹೇಳಲ್ಲ, ಪೊಲೀಸ್ರು ಕೂಡ ಅಷ್ಟರ ಮೇಲೆ ಯಾರ ಮನೆಗೂ ಸುಮ್ನೆ ನುಗ್ಗಲ್ಲ, ಬೀದೀಲಿ ನಿಂತಿರೋ ಸೈಕಲ್ ಆದ್ರೆ ಕೆಲಸ ಸುಲಭ.

ಅವಾಗ ಬೇಕಾಗೋದೇ ಆ ಕಾಗದ ಪತ್ರ. ಇದು ನಿಮ್ದೇ ಅಂತ ತೋರಿಸೋಕೆ ಫ್ರೇಮ್ ನಂಬರ್, ಬಿಲ್, ನಾಲ್ಕಾರು ಫೋಟೋ ಬೇಕು. ನಂಬರ್ ಸಾಮಾನ್ಯವಾಗಿ ಸೀಟ್ ಕೆಳಗಿನ ಪೈಪ್ ಮೇಲೋ ಪೆಡಲ್ ಕೂರೋ ಜಾಗದ ಅಡಿಗೋ ಕೊರೆದಿರತ್ತೆ, ಇವತ್ತೇ ಫೋಟೋ ತೆಗೀರಿ. ಕಂಪ್ಲೇಂಟ್‌ಗೆ ಇಲ್ಲಿ ಆನ್‌ಗಿಫ್ಟೆ ಅಂತಾರೆ, ಪೊಲೀಸ್ ವೆಬ್‌ಸೈಟಲ್ಲಿ ಡಿಜಿಡಿ, ಅಂದ್ರೆ ಇಲ್ಲಿನ ಸರ್ಕಾರಿ ಸೈಟ್‌ಗಳ ಲಾಗಿನ್, ಹಾಕಿ ಮನೇಲೇ ಕೊಡ್ಬೋದು. ಆದ್ರೆ ಡಿಜಿಡಿಯ ಆಕ್ಟಿವೇಶನ್ ಕೋಡ್ ಪೋಸ್ಟಲ್ಲಿ ಬರೋದು, ಕಳ್ಳತನ ಆದ್ಮೇಲೆ ಅದಕ್ಕೆ ಕೂತ್ಕೊಂಡ್ರೆ ಕಷ್ಟ, ಬಿಎಸ್‌ಎನ್ (ಇಲ್ಲಿನ ನಾಗರಿಕ ಸೇವಾ ನಂಬರ್) ಬಂದ ವಾರಾನೇ ಮಾಡ್ಸಿಬಿಡಿ. ಆನ್‌ಗಿಫ್ಟೆ ಕೊಟ್ಟ ಮೇಲೆ ಫ್ರೇಮ್ ನಂಬರ್ ಕದ್ದ ಸೈಕಲ್‌ಗಳ ಪಟ್ಟಿಗೆ ಸೇರತ್ತೆ. ಸೆಕೆಂಡ್ ಹ್ಯಾಂಡ್ ತಗೋಳೋರು ಕದ್ದ ಮಾಲು ಹೌದಾ ಅಂತ ನೋಡೋ ಪೊಲೀಸರ ಸ್ಟಾಪ್‌ಹೇಲಿಂಗ್ ಸೈಟಲ್ಲಿ ನಂಬರ್ ಹಾಕಿ ನೋಡೇ ತಗೊಳ್ಳಿ, ಸ್ಟೇಷನ್ ಹತ್ರ ಐವತ್ತು ಯೂರೋಗೆ ಹೊಸ ಸೈಕಲ್ ಕೊಡ್ತೀನಿ ಅಂತ ಬರೋರ ಹತ್ರ ತಗೊಂಡ್ರೆ ಗೊತ್ತಿರ್ಲಿಲ್ಲ ಅನ್ನೋದು ನಡೆಯಲ್ಲ, ಅದೂ ಅಪರಾಧ.

ಇನ್ಶೂರೆನ್ಸ್ ಮಾಡ್ಸಿದ್ರೆ ಸಾಮಾನ್ಯವಾಗಿ ಕನಿಷ್ಠ ಎರಡು ಸ್ಟಾರ್ ಎಆರ್‌ಟಿ (ಬೀಗ ಎಷ್ಟು ಗಟ್ಟಿ ಅಂತ ಹೇಳೋ ಮುದ್ರೆ) ಗುರುತಿರೋ ಬೀಗ ಕೇಳ್ತಾರೆ, ಕ್ಲೇಮ್‌ನಲ್ಲಿ ಬೀಗದ ಎರಡೂ ಅಸಲಿ ಕೀ ಕೊಡಿ ಅಂತಾರೆ, ಎರಡನೇ ಕೀಯನ್ನ ಆಫೀಸ್ ಡ್ರಾಯರ್‌ನಲ್ಲೋ ಎಲ್ಲೋ ಬಿಸಾಕಬೇಡಿ. ದುಡ್ಡು ಬಂದಾದ್ಮೇಲೆ ಟ್ಯಾಗ್ ಎದ್ದು ಸೈಕಲ್ ಎಲ್ಲಿದೆ ಅಂತ ತೋರಿಸಿದ್ರೆ ಅಷ್ಟೊತ್ತಿಗೆ ಅದು ಸಾಮಾನ್ಯವಾಗಿ ಕಂಪನಿಯವ್ರ ಆಸ್ತಿ, ಹೋಗಿ ತಂದಿಟ್ಕೊಳ್ಳೋ ಹಾಗಿಲ್ಲ, ಅವ್ರಿಗೊಂದು ಫೋನ್ ಮಾಡಿ, ಆನ್‌ಗಿಫ್ಟೆ ನಂಬರ್ ಕೊಟ್ಟು ಪೊಲೀಸ್ರಿಗೂ ಹೇಳಿ.