ಎಣ್ಣೆ ಕ್ಯಾನಿನಲ್ಲಿ ಗುಬ್ಬಿಗೆ ಊಟ

ಮುಂಬಯಿಯಲ್ಲಿ ಕಿಟಕಿಯ ಗ್ರಿಲ್ ಮೇಲೆ ಕಾಳಿನ ತಟ್ಟೆ ಇಟ್ಟರೆ ಮೊದಲು ಬಂದು ಕೂರುವುದು ಗುಬ್ಬಿಯಲ್ಲ, ಪಾರಿವಾಳ. ಒಂದು ಬಂದರೆ ಹಿಂದೆಯೇ ಹತ್ತು ಬರುತ್ತವೆ. ಗ್ರಿಲ್ ತುಂಬ ಹಿಕ್ಕೆ, ಕೆಳಗಿನ ಮನೆಯವರು ಒಣಗಿಸಿದ ಬಟ್ಟೆಯ ಮೇಲೆ ಪುಕ್ಕ, ಆಮೇಲೆ ಸೊಸೈಟಿಯಲ್ಲಿ ಮಾತು. ಒಣಗಿದ ಹಿಕ್ಕೆಯ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಆ ಕಾರಣಕ್ಕೇ 2025ರ ಜುಲೈಯಿಂದ ಇಲ್ಲಿನ ಕಬೂತರಖಾನೆಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳನ್ನು, ಮುಚ್ಚಿಸತೊಡಗಿದರು. ದಾದರಿನದಕ್ಕೆ ತಾಡಪತ್ರಿಯನ್ನೇ ಹೊದಿಸಿದರು. ಹಾಗಾಗಿ ಕಾಳಿಡುವ ಡಬ್ಬಿಯನ್ನು ಗುಬ್ಬಿಗೆ ಮಾತ್ರ ದಕ್ಕುವಂತೆ ಮಾಡಬೇಕು. ಅದಕ್ಕೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಸಾಕು. ರದ್ದಿಯವನಿಗೆ ಕೊಡುವ ಬದಲು ಎತ್ತಿಟ್ಟುಕೊಳ್ಳಿ.

ತೆಳುವಾದ ನೀರಿನ ಬಾಟಲಿ ಈ ಕೆಲಸಕ್ಕೆ ಒಗ್ಗದು. ಕತ್ತರಿಸಿದ ಅಂಚು ಬ್ಲೇಡಿನ ಹಾಗೆ ಹರಿತವಾಗಿರುತ್ತದೆ, ಬಿಸಿಲಿಗೆ ಬೇಗ ಬಿರಿಯುತ್ತದೆ. ಫಿನೈಲ್, ಟಾಯ್ಲೆಟ್ ತೊಳೆಯುವ ದ್ರವ, ಜಿರಲೆ ಔಷಧಿ ಇದ್ದ ಡಬ್ಬಿಯನ್ನಂತೂ ಎಷ್ಟೇ ತೊಳೆದರೂ ಬಳಸಬೇಡಿ. ಎಣ್ಣೆ ಕ್ಯಾನ್ ಹಾಲಿನ ಬಣ್ಣದ್ದಾದರೆ ಒಳಗೆ ಬೆಳಕು ಬೀಳುತ್ತದೆ. ಕತ್ತಲೆಯ ಡಬ್ಬಿಗೆ ಕಾಳಿಗೆಂದು ನುಗ್ಗಲು ಗುಬ್ಬಿ ಹಿಂಜರಿಯಬಹುದು. ಕ್ಯಾನಿಗೆ ಬಿಸಿನೀರು ಮತ್ತು ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಕುಲುಕಿ ಚೆಲ್ಲಿ. ಹೀಗೆ ಎರಡು ಸಲ ಮಾಡಿ, ಒಂದು ದಿನ ಬಿಸಿಲಿಗೆ ಕವುಚಿಡಿ. ಜಿಡ್ಡು ಉಳಿದರೆ ಇರುವೆ ಮುತ್ತುತ್ತದೆ, ಹಕ್ಕಿಯ ಗರಿಗೂ ಅಂಟುತ್ತದೆ.

ಇನ್ನು ತೂತು. ಇಡೀ ಕೆಲಸದ ಜೀವಾಳ ಇದೇ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೈವಾರವನ್ನು 2 ಸೆಂ.ಮೀ.ಗೆ ಅಗಲಿಸಿ, ಕ್ಯಾನಿನ ಎದುರುಬದುರು ಎರಡು ಬದಿಯಲ್ಲಿ ವೃತ್ತ ಎಳೆಯಿರಿ. 4 ಸೆಂ.ಮೀ. ಅಗಲದ ಬಾಗಿಲಾಯಿತು. ಇದರಲ್ಲಿ ಗುಬ್ಬಿ ಸಲೀಸಾಗಿ ನುಗ್ಗುತ್ತದೆ, ಪಾರಿವಾಳದ ಮೈ ಹಿಡಿಸುವುದಿಲ್ಲ. ವೃತ್ತದ ಕೆಳಗಿನ ಅಂಚು ಕ್ಯಾನಿನ ತಳದಿಂದ 6 ಸೆಂ.ಮೀ. ಮೇಲಿರಲಿ. ಒಂದೇ ಬಾಗಿಲು ಇಟ್ಟರೆ ಸಿಕ್ಕಿಬೀಳುವ ಭಯಕ್ಕೆ ಹಕ್ಕಿ ಒಳಗೆ ಬರಲು ಹಿಂಜರಿಯಬಹುದು, ಎರಡಿರಲಿ. ಪೇಪರ್ ಕಟ್ಟರಿನಲ್ಲಿ ಕತ್ತರಿಸುವಾಗ ಮೇಲಂಚಿನಲ್ಲಿ ಒಂದೂವರೆ ಸೆಂ.ಮೀ. ಬಿಟ್ಟುಬಿಡಿ. ಆ ಬಿಲ್ಲೆಯನ್ನು ಹೊರಕ್ಕೆ ಎತ್ತಿ ಮಡಚಿದರೆ ಬಾಗಿಲಿಗೆ ಪುಟ್ಟ ಸಜ್ಜಾ ಆಗುತ್ತದೆ, ಅಡ್ಡ ಹನಿ ತಡೆಯುತ್ತದೆ. ಕತ್ತರಿಸಿದ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಬೆರಳಾಡಿಸಿ ನೋಡಿ. ನಿಮ್ಮ ಬೆರಳಿಗೆ ಚುಚ್ಚಿದರೆ ಗುಬ್ಬಿಯ ಎದೆಗೂ ಚುಚ್ಚುತ್ತದೆ.

ತುಂಬ ಜನ ಮಾಡುವ ತಪ್ಪೆಂದರೆ ಬಾಗಿಲಿನ ಹೊರಗೆ ಹಕ್ಕಿ ಕೂರಲಿ ಎಂದು ಚಮಚವನ್ನೋ ಕಡ್ಡಿಯನ್ನೋ ಸಿಕ್ಕಿಸುವುದು. ಅದು ಪಾರಿವಾಳಕ್ಕೆ ಮಣೆ ಹಾಕಿದಂತೆ. ಅದರ ಮೇಲೆ ಕಾಲೂರಿ ಕತ್ತು ಒಳಗೆ ಚಾಚಿ ಅರ್ಧ ಕಾಳು ಖಾಲಿ ಮಾಡುತ್ತದೆ. ಗುಬ್ಬಿಗೆ ತೂತಿನ ಅಂಚೇ ಸಾಕು. ಆದರೆ ಒಳಗೆ ಕಡ್ಡಿ ಬೇಕು. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಕಾಲು ಜಾರುತ್ತದಾದ್ದರಿಂದ, ತಳದಿಂದ 3 ಸೆಂ.ಮೀ. ಎತ್ತರದಲ್ಲಿ, ಒಂದು ಬಾಗಿಲ ಕೆಳಗಿನಿಂದ ಇನ್ನೊಂದರ ಕೆಳಗಿನವರೆಗೆ ಪೆನ್ಸಿಲಿನಷ್ಟು ದಪ್ಪದ ಬಿದಿರ ಕಡ್ಡಿ ತೂರಿಸಿ, ಹೊರಗೆ ಚಾಚಿದ್ದನ್ನು ಕತ್ತರಿಸಿಬಿಡಿ. ತಳವನ್ನೂ ಮರಳು ಕಾಗದದಲ್ಲಿ ಗೀರಿ ಒರಟು ಮಾಡಿ. ಕೊನೆಗೆ ಸಣ್ಣ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಯಿಸಿ, ಒಳಗೆ ಬಿದ್ದ ನೀರು ಇಳಿದುಹೋಗಲು ತಳಕ್ಕೆ ಎಂಟು ಹತ್ತು ತೂತು ಚುಚ್ಚಿ. 2 ಮಿ.ಮೀ.ಗಿಂತ ದೊಡ್ಡದಾದರೆ ಕಾಳೇ ಸೋರುತ್ತದೆ. ಕಿಟಕಿ ತೆರೆದಿಟ್ಟು ಚುಚ್ಚಿ, ಪ್ಲಾಸ್ಟಿಕ್ ಹೊಗೆ ಕುಡಿಯಬೇಡಿ.

ಕ್ಯಾನಿನ ಹಿಡಿಕೆಗೆ ದಪ್ಪ ತಂತಿ ಕಟ್ಟಿ ನೇತುಹಾಕಿ. ನೈಲಾನ್ ದಾರ, ಗಾಳಿಪಟದ ಮಾಂಜಾ ಬೇಡ, ಹಕ್ಕಿಯ ಕಾಲಿಗೆ ಸುತ್ತಿಕೊಂಡು ಕೊಯ್ಯುತ್ತವೆ. ತಳದಿಂದಲೂ ಒಂದು ತಂತಿ ಎಳೆದು ಗ್ರಿಲ್ಲಿಗೆ ಸಡಿಲವಾಗಿ ಕಟ್ಟಿ. ಸ್ವಲ್ಪ ತೂಗಾಡಿದರೆ ಪಾರಿವಾಳಕ್ಕೆ ಆಗದು, ಗಿರಗಿರ ತಿರುಗಿದರೆ ಗುಬ್ಬಿಗೇ ಆಗದು. ಎಸಿ ಪೆಟ್ಟಿಗೆ, ಕಿಟಕಿ ಕಟ್ಟೆ, ಗ್ರಿಲ್ಲಿನ ತಳ ಯಾವುದೂ ಒಂದೂವರೆ ಅಡಿಯೊಳಗೆ ಇರಬಾರದು. ಇದ್ದರೆ ಪಾರಿವಾಳ ಅಲ್ಲೇ ನಿಂತು ಕತ್ತು ಚಾಚುತ್ತದೆ. ಗ್ರಿಲ್ ಇಕ್ಕಟ್ಟಾದರೆ ಬಾಲ್ಕನಿಯ ಚಾವಣಿಯ ಕೊಕ್ಕೆಗೆ ಹಾಕಿ.

ಕಾಳಿಗೆ ಸಜ್ಜೆಯೇ ಮೇಲು, ಯಾವ ಕಿರಾಣಿ ಅಂಗಡಿಯಲ್ಲೂ ಬಾಜ್ರಿ ಎಂದರೆ ಕೊಡುತ್ತಾರೆ. ನವಣೆ, ಅಕ್ಕಿನುಚ್ಚು ಬೆರೆಸಬಹುದು. ರಾಗಿ ತಳದ ತೂತಿನಿಂದ ಸೋರುತ್ತದೆ. ಚೂಡಾ, ಫರ್ಸಾಣ್ ಥರದ ಖಾರದ ಕುರುಕಲು, ಉಪ್ಪು ಬಿದ್ದ ಅನ್ನ, ಬ್ರೆಡ್ ಹಾಕಲೇಬೇಡಿ. ಬೆಳಿಗ್ಗೆ ಎರಡು ದೊಡ್ಡ ಚಮಚ ಹಾಕಿ, ಸಂಜೆಗೆ ಉಳಿದರೆ ಮರುದಿನ ಕಡಿಮೆ ಮಾಡಿ. ಕ್ಯಾನ್ ತುಂಬಿಸಿಟ್ಟು ವಾರ ಮರೆಯುವುದಕ್ಕಿಂತ ಹಾಕದಿರುವುದೇ ಒಳ್ಳೆಯದು. ಇಲ್ಲಿಯ ಹಸಿ ಗಾಳಿಗೆ ಕಾಳು ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ವಿಷ ಹಕ್ಕಿಯನ್ನು ಕೊಲ್ಲಬಲ್ಲದು. ಕೈಗೆ ತೆಗೆದುಕೊಂಡಾಗ ಕಾಳು ಒಂದಕ್ಕೊಂದು ಅಂಟಿದರೆ, ಮುಗ್ಗಲು ವಾಸನೆ ಬಂದರೆ ಎಲ್ಲವನ್ನೂ ಎಸೆದು ಕ್ಯಾನ್ ತೊಳೆಯಿರಿ. ಹಾಗಿಲ್ಲದಿದ್ದರೂ ವಾರಕ್ಕೊಮ್ಮೆ ಬಿಸಿ ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಕಾಳು ಹಾಕಬೇಕು. ತೊಳೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒಣ ಹಿಕ್ಕೆಯನ್ನು ಗುಡಿಸದೆ ನೀರು ಚಿಮುಕಿಸಿ ಒರೆಸಿ ತೆಗೆಯಿರಿ.

ನೀರನ್ನು ಬೇರೆಯಾಗಿ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟೇ ಇಡಿ. ದಿನವೂ ಚೆಲ್ಲಿ, ಉಜ್ಜಿ, ಹೊಸದು ತುಂಬಿ. ನಿಂತ ನೀರಿನಲ್ಲಿ ಡೆಂಗೀ ಸೊಳ್ಳೆಯ ಮೊಟ್ಟೆ ಬೆಳೆದು ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು.

ಕಟ್ಟಿದ ದಿನವೇ ಗುಬ್ಬಿ ಬರಲಿಲ್ಲವೆಂದು ಜಾಗ ಬದಲಿಸಬೇಡಿ. ಅದು ಮೊದಲು ದೂರದ ತಂತಿಯ ಮೇಲೆ ಕೂತು ನೋಡುತ್ತದೆ, ಆಮೇಲೆ ತೂತಿನ ಅಂಚಿಗೆ ಬಂದು ಒಳಗೆ ಇಣುಕಿ ಹಾರಿಹೋಗುತ್ತದೆ. ಎರಡು ಮೂರು ವಾರವಾದರೂ ಅಲ್ಲೇ ಇರಲಿ, ಕಾಳು ಹಾಕುವ ಹೊತ್ತೂ ತಪ್ಪದಿರಲಿ. ಜೂನ್‌ನಲ್ಲಿ ಮಳೆ ಅಡ್ಡಡ್ಡ ಹೊಡೆಯತೊಡಗಿದರೆ ಕ್ಯಾನನ್ನು ಬಾಲ್ಕನಿಯ ಒಳಭಾಗಕ್ಕೆ ತಂದು, ಕಾಳನ್ನು ಒಂದೇ ಚಮಚಕ್ಕೆ ಇಳಿಸಿ.